ಬೇಹುಗಾರ್ತಿಯ ಕಣ್ಣೀರೂ ಪ್ರೇಕ್ಷಕರ ತೀರ್ಪೂ

ಅಮೆರಿಕಾ ದೇಶದ ಟೆಲಿವಿಷನ್ನಿನಲ್ಲಿ 2011ನೆಯ ಇಸವಿಯ ಅಕ್ಟೋಬರಿನಿಂದ 2020ನೆಯ ಇಸವಿಯ ಏಪ್ರಿಲಿನವರೆಗೆ 8 ಭಾಗಗಳಲ್ಲಿ, 96 ಕಂತುಗಳಾಗಿ ನಡೆದ ‘ಹೋಮ್‌ಲ್ಯಾಂಡ್’ ಎಂಬ ಗೂಢಚರ್ಯೆಯ ಕಥೆಯನ್ನು ನೋಡಿದವರು ಲೋಕದಲ್ಲೆಲ್ಲ ಅನೇಕರಿರುವರು. ನೋಡಿದವರು ಅನೇಕರಿರುವಂತೆಯೇ ಅದರ ವಿಷಯವಾಗಿ ಅಭಿಪ್ರಾಯ ಕೊಟ್ಟವರೂ ಅನೇಕರು. ನಾಟಕವನ್ನು ನೋಡಿದವನು ತನ್ನ ಮೆಚ್ಚಿಕೆಯನ್ನಾಗಲಿ ಬೇಸರವನ್ನಾಗಲಿ ಹೇಳಿಕೊಳ್ಳುವುದು ಅವನ ಸಹಜವಾದ ಹಕ್ಕು. ಅದನ್ನು ಯಾರೂ ಕಸಿದುಕೊಳ್ಳಬೇಕಾಗಿಲ್ಲ. ಆದರೆ ಅಭಿಪ್ರಾಯವು ಬರಿಯ ಅಭಿರುಚಿಯಾಗಿ ಉಳಿಯದೆ ತೀರ್ಪಿನ ಗತ್ತನ್ನು ತಾಳಿ, ಒಬ್ಬ ಹೆಂಗಸಿನ ನಡತೆಯನ್ನು ಕಟಕಟೆಯಲ್ಲಿ ನಿಲ್ಲಿಸಿ ವಿಚಾರಿಸತೊಡಗಿದಾಗ, ಆ ನ್ಯಾಯಸ್ಥಾನದ ತಕ್ಕಡಿಯು ನೆಟ್ಟಗಿರುವುದೇ ಇಲ್ಲವೇ ಎಂಬುದನ್ನು ಪರೀಕ್ಷಿಸುವ ಹಕ್ಕು ಉಳಿದವರಿಗೂ ಉಂಟಷ್ಟೆ. ‘ಹೋಮ್‌ಲ್ಯಾಂಡ್’ನ ನಾಯಕಿಯ ವಿಷಯದಲ್ಲಿ ಪ್ರೇಕ್ಷಕರು ಹಿಡಿದ ತಕ್ಕಡಿಯು ಡೊಂಕಾದುದು. ಅವರು ಬೈದುದೂ ಸಲ್ಲದ ಕಾರಣಕ್ಕೆ, ಹೊಗಳಿದುದೂ ಸಲ್ಲದ ಕಾರಣಕ್ಕೆ.

ಕಥೆಯನ್ನು ಕಾಣದ ವಾಚಕರಿಗಾಗಿ ನಾಲ್ಕು ಮಾತು ಅವಶ್ಯ. ಕ್ಯಾರಿ ಮ್ಯಾಥಿಸನ್ ಎಂಬಾಕೆ ಅಮೆರಿಕಾದ ಸಿ.ಐ.ಎ. ಎಂಬ ಬೇಹಿನ ಇಲಾಖೆಯ ಅಧಿಕಾರಿಣಿ. ಉನ್ಮಾದ ವಿಷಾದಗಳು ಸರದಿಯಂತೆ ಬಂದು ಕಾಡುವ ಒಂದು ಮನೋವ್ಯಾಧಿ ಆಕೆಗಿದೆ. ತಿಳಿದರೆ ಕೆಲಸ ಹೋಗುವುದೆಂಬ ಭಯದಿಂದ ಅದನ್ನು ಮರೆಮಾಚಿ, ವೈದ್ಯೆಯಾದ ಅಕ್ಕನ ಕೈಯಿಂದ ಗುಟ್ಟಾಗಿ ಔಷಧ ಪಡೆಯುತ್ತಿರುವಳು. ಇರಾಕಿನಲ್ಲಿ ಶತ್ರುವಿಗೆ ಸಿಕ್ಕಿಬಿದ್ದು ಎಂಟು ವರ್ಷ ಸೆರೆಯಲ್ಲಿದ್ದು ವೀರನೆಂಬ ಕೀರ್ತಿಯೊಡನೆ ಮನೆಗೆ ಮರಳಿದ ನಿಕೊಲಸ್ ಬ್ರೋಡಿ ಎಂಬ ಸೈನಿಕನು ಶತ್ರುವಿನ ಕಡೆಗೆ ತಿರುಗಿರುವನೆಂಬುದು ಆಕೆಯ ಶಂಕೆ. ಯಾರೂ ನಂಬುವುದಿಲ್ಲ. ಶಂಕೆಯು ನಿಜವಾದುದೇ ಆದರೂ ಕೊನೆಗೆ ಆಕೆಯು ಕೆಲಸ ಕಳೆದುಕೊಂಡು, ಆಸ್ಪತ್ರೆಯ ಮಂಚದ ಮೇಲೆ ವಿದ್ಯುತ್ತಿನ ಚಿಕಿತ್ಸೆಗೆ ತಲೆಯೊಡ್ಡಿ ಮಲಗಿರುವಳು. ಇದು ಮೊದಲನೆಯ ಭಾಗ. ಮುಂದಿನವುಗಳಲ್ಲಿ ಕಥೆಯು ಬೇರೂತು, ಟೆಹರಾನ್, ಇಸ್ಲಾಮಾಬಾದ್, ಬರ್ಲಿನ್, ಮಾಸ್ಕೊ ನಗರಗಳವರೆಗೆ ಸಾಗುವುದು. ಇದಕ್ಕೆ ಮೂಲವಾದ, ಇಸ್ರೇಲಿನಲ್ಲಿ 2010ರಲ್ಲಿ ಬಂದ ‘ಹತುಫಿಮ್’ ಎಂಬುದರಲ್ಲಿ ಕಥೆಯ ಕೇಂದ್ರವು ಹದಿನೇಳು ವರ್ಷಗಳ ಸೆರೆಯ ಮೇಲೆ ಮರಳಿದ ಸೈನಿಕರೂ ಅವರ ಸಂಸಾರಗಳೂ ಆಗಿದ್ದುವು; ಕ್ಯಾರಿಯು ಅಮೆರಿಕನ್ನರ ಸೃಷ್ಟಿ. ಆ ಪಾತ್ರವನ್ನು ವಹಿಸಿದ ಕ್ಲೇರ್ ಡೇನ್ಸ್ ಎಂಬ ನಟಿಗೆ 2012ರಲ್ಲಿಯೂ 2013ರಲ್ಲಿಯೂ ಎಮಿ ಪ್ರಶಸ್ತಿ ದೊರೆಯಿತು. ಅಂದಿನ ರಾಷ್ಟ್ರಾಧ್ಯಕ್ಷ ಒಬಾಮರೂ ಇದರ ಮೆಚ್ಚಿನ ಪ್ರೇಕ್ಷಕರಾಗಿದ್ದರೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಆ ಮಾತು ಮುಂದೆ ಬೇಕಾಗುವುದು.

ಮೊದಲನೆಯ ಆಕ್ಷೇಪ ಅಳುವಿನದು. ಕ್ಯಾರಿಯು ಅಳುವಾಗ ಗಲ್ಲವು ನಡುಗುವುದು, ತುಟಿಗಳು ಕೆಳಕ್ಕೆ ಎಳೆಯುವುವು, ಮುಖವೆಲ್ಲ ಸೊಟ್ಟಗಾಗುವುದು. ಈ ಮುಖವು ಅಮೆರಿಕಾದಲ್ಲಿ ದೊಡ್ಡ ಹಾಸ್ಯದ ವಸ್ತುವಾಯಿತು. 2012ನೆಯ ನವೆಂಬರಿನಲ್ಲಿ ‘ಸ್ಯಾಟರ್‌ಡೇ ನೈಟ್ ಲೈವ್’ ಎಂಬ ಪ್ರಖ್ಯಾತ ವಿನೋದ ಪ್ರದರ್ಶನದಲ್ಲಿ ಮತ್ತೊಬ್ಬ ನಟಿ ಇದನ್ನು ಅಣಕಿಸಿದಳು. ಅಳುಮುಖದ ಚಿತ್ರಗಳು ಮನೆಮಾತಾದುವು. ವಿನೋದಕ್ಕೆ ವಿನೋದವೆಂದು ಬಿಡಬಹುದು. ಆದರೆ ಅದರ ಬೆನ್ನಿಗೆ ಗಂಭೀರವಾದ ಒಂದು ವಾದವೂ ಬಂದಿತು: ಇಷ್ಟು ಅಳುವವಳು, ಇಷ್ಟು ಕೂಗಾಡುವವಳು, ಇಷ್ಟು ಚಂಚಲೆಯಾದವಳು ಬೇಹಿನ ಕೆಲಸಕ್ಕೆ ತಕ್ಕವಳಲ್ಲ, ಆದುದರಿಂದ ಕಥೆಯೇ ನಂಬಲನರ್ಹವಾದುದು ಎಂದು.

‘ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು’ ಎಂದು ಕನ್ನಡದಲ್ಲಿ ಒಂದು ಹಳೆಯ ಗಾದೆಯುಂಟು. ಗಾದೆಯು ಅನ್ಯಾಯದ್ದೇ ಸರಿ. ಆದರೂ ಅಳುವ ಹೆಂಗಸನ್ನು ಅದು ಬಿಟ್ಟುಕೊಟ್ಟಿತ್ತು. ಈ ಪ್ರೇಕ್ಷಕರು ಅವಳನ್ನೂ ಬಿಡಲಿಲ್ಲ. ಭರತನು ಸಾತ್ತ್ವಿಕ ಭಾವಗಳನ್ನು ಎಂಟೆಂದು ಎಣಿಸಿದಾಗ ಅಶ್ರುವನ್ನೂ ನಡುಕವನ್ನೂ ಅವುಗಳೊಳಗೆ ಸೇರಿಸಿದನು. ಮನಸ್ಸು ಪಾತ್ರದಲ್ಲಿ ಸಂಪೂರ್ಣವಾಗಿ ನೆಲೆಗೊಳ್ಳದೆ ಇವು ನಟನಿಗೆ ಒದಗಲಾರವೆಂಬುದು ಅವನ ಮತ. ಚೆಲುವಾದ ಮುಖದಲ್ಲಿ ಒಂದೇ ಒಂದು ಹನಿ ಜಾರುವ ಅಳುವಿಗೆ ಒಗ್ಗಿಹೋದ ಕಣ್ಣುಗಳಿಗೆ ನಿಜವಾದ ಅಳುವು ಕುರೂಪವಾಗಿ ಕಂಡಿತೆಂದರೆ ಕೊರತೆಯು ನಟಿಯದೆ? ವ್ಯಾಧಿಯ ಉಲ್ಬಣದಲ್ಲಿ, ತಾನು ಕಂಡುದನ್ನು ಇತರರು ಕಾಣರೆಂಬ ಸಂಕಟದಲ್ಲಿ ಅಳುವವಳು ಕನ್ನಡಿಯ ಮುಂದೆ ಅಳುವುದಿಲ್ಲ.

ಇನ್ನು, ಚಂಚಲೆಯಾದವಳು ಬೇಹಿಗೆ ತಕ್ಕವಳಲ್ಲವೆಂಬ ಮಾತು. ಈ ಮಾತಿಗೆ ಉತ್ತರವು ಕಟ್ಟುಕಥೆಯಲ್ಲಿಲ್ಲ, ಚರಿತ್ರೆಯಲ್ಲಿದೆ. ಮತ್ತು ಆ ಚರಿತ್ರೆಯು ಕನ್ನಡನಾಡಿಗೆ ತೀರ ದೂರದ್ದೂ ಅಲ್ಲ. ನೂರ್ ಇನಾಯತ್ ಖಾನ್ ಎಂಬಾಕೆ 1914ರ ಜನವರಿ 1ರಂದು ಮಾಸ್ಕೊ ನಗರದಲ್ಲಿ ಜನಿಸಿದಳು. ತಂದೆ ಹಜರತ್ ಇನಾಯತ್ ಖಾನರು ಸಂಗೀತಗಾರರೂ ಸೂಫಿ ಪಂಥದ ಉಪದೇಶಕರೂ ಆಗಿದ್ದರು. ಆ ತಂದೆಯ ತಾಯಿಯ ತಂದೆ ಮೌಲಾ ಬಕ್ಷರು ಮೈಸೂರಿನ ಆಸ್ಥಾನದಲ್ಲಿ ಮನ್ನಣೆ ಪಡೆದ ಗಾಯಕರು. ಅವರ ಪತ್ನಿಯ ಕಡೆಯಿಂದ ಈ ವಂಶವು ಟೀಪು ಸುಲ್ತಾನನ ಮನೆತನಕ್ಕೆ ಸೇರಿದುದೆಂದು ಪ್ರಸಿದ್ಧವಾಗಿದೆ. ನೂರಳು ವೀಣೆಯನ್ನು ಕಲಿತವಳು, ಮಕ್ಕಳ ಕಥೆಗಳನ್ನು ಬರೆದವಳು. ಜಾತಕ ಕಥೆಗಳಲ್ಲಿ ಇಪ್ಪತ್ತನ್ನು ಆರಿಸಿ ಆಕೆ ಇಂಗ್ಲಿಷಿನಲ್ಲಿ ಹೇಳಿದ ಪುಸ್ತಕವು 1939ರಲ್ಲಿ ಹೊರಬಿದ್ದಿತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಗುಪ್ತ ಸಂಸ್ಥೆಯೊಂದಕ್ಕೆ ಸೇರಿದಾಗ ಆಕೆಯನ್ನು ಪರೀಕ್ಷಿಸಿದ ಅಧಿಕಾರಿಯು, ಈಕೆಗೆ ಬುದ್ಧಿಯ ಭಾರವೇನೂ ಹೆಚ್ಚಿಲ್ಲ, ಸ್ವಭಾವವು ಅಸ್ಥಿರವಾದುದು, ಈ ಕೆಲಸಕ್ಕೆ ತಕ್ಕವಳೇ ಎಂಬುದು ಬಹಳ ಸಂದೇಹ ಎಂಬ ಅರ್ಥದ ವರದಿಯನ್ನು ಬರೆದನು. ಸರಿಸುಮಾರು ಕ್ಯಾರಿಯ ಮೇಲೆ ಪ್ರೇಕ್ಷಕರು ಹೊರಿಸಿದ ದೋಷಾರೋಪವೇ ಇದು!

1943ರ ಜೂನಿನಲ್ಲಿ ಆಕೆಯನ್ನು ಜರ್ಮನರ ವಶದಲ್ಲಿದ್ದ ಫ್ರಾನ್ಸಿಗೆ ಕಳುಹಿಸಿದರು. ಬ್ರಿಟನ್ನಿನಿಂದ ಅಲ್ಲಿಗೆ ಹೋದ ನಿಸ್ತಂತು ಯಂತ್ರದ ಕೆಲಸಗಾರರಲ್ಲಿ ಆಕೆಯೇ ಮೊದಲನೆಯ ಹೆಂಗಸು. ಹೋದ ಕೆಲವು ದಿನಗಳೊಳಗೆ ಸಂಗಡಿಗರು ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. ಹಿಂದಿರುಗೆಂದು ಮೇಲಿನವರು ಹೇಳಿದರೂ ಆಕೆ ಹಿಂದಿರುಗದೆ ಪ್ಯಾರಿಸ್ಸಿನಲ್ಲಿ ಮನೆಯಿಂದ ಮನೆಗೆ ತಿರುಗುತ್ತ ಅಕ್ಟೋಬರಿನವರೆಗೆ ಸುದ್ದಿಯನ್ನು ಕಳುಹಿಸುತ್ತಿದ್ದಳು. ಆಕೆಯಿಂದ ತಪ್ಪಾಗಲಿಲ್ಲವೆಂದಲ್ಲ. ಕಳುಹಿಸಿದ ಸಂದೇಶಗಳ ಪ್ರತಿಗಳನ್ನು ಆಕೆ ಇಟ್ಟುಕೊಂಡಿದ್ದಳು. ಅವು ಶತ್ರುವಿನ ಕೈಗೆ ಸಿಕ್ಕಿ ಲಂಡನ್ನಿನವರು ಮೋಸಹೋದರು. ಆದರೆ ಹಿಡಿದವರು ಎಷ್ಟು ವಿಚಾರಿಸಿದರೂ ತನ್ನ ಕೆಲಸದ ಗುಟ್ಟನ್ನು ಆಕೆ ಬಾಯಿಬಿಡಲಿಲ್ಲ. ತಪ್ಪಿಸಿಕೊಳ್ಳಲು ಎರಡು ಸಲ ಯತ್ನಿಸಿದಳು. ಆಮೇಲೆ ತಿಂಗಳುಗಟ್ಟಲೆ ಕೈಕಾಲುಗಳಿಗೆ ಸಂಕೋಲೆ. 1944ರ ಸೆಪ್ಟೆಂಬರ್ 13ರಂದು ಡಾಖಾವ್ ಎಂಬಲ್ಲಿ ಗುಂಡಿಕ್ಕಿ ಕೊಂದರು. ಆಗ ಆಕೆಗೆ ಮೂವತ್ತು ವರ್ಷ. 1949ರಲ್ಲಿ ಬ್ರಿಟಿಷ್ ಸರಕಾರವು ಜಾರ್ಜ್ ಕ್ರಾಸ್ ಎಂಬ ಉನ್ನತ ಗೌರವವನ್ನು ಮರಣಾನಂತರ ಕೊಟ್ಟಿತು. ಅಸ್ಥಿರೆಯೆಂದು ಬರೆದ ಕಾಗದವು ಇದ್ದಲ್ಲಿಯೇ ಇದೆ. ಅದನ್ನು ಓದಿದವರು, ಸ್ಥೈರ್ಯವೆಂಬುದು ಮುಖದ ಸ್ನಾಯುಗಳಲ್ಲಿರುವುದೆಂಬ ನಂಬಿಕೆಯನ್ನು ಇನ್ನೂ ಹೇಗೆ ಇಟ್ಟುಕೊಂಡಿರುವರೋ ತಿಳಿಯದು.

ಹೆಂಗಸು ಬೇಹಿಗೆ ಹೊಸಬಳೆಂಬುದೂ ಅಜ್ಞಾನದ ಮಾತೇ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಶಾಮಶಾಸ್ತ್ರಿಗಳ ಕೈಗೆ ಬಂದು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಬಡತನದಲ್ಲಿದ್ದು ಜೀವನೋಪಾಯವನ್ನು ಅರಸುವ, ಮಾತಿನಲ್ಲಿ ದಿಟ್ಟಳಾದ ವಿಧವೆಯನ್ನು ಪರಿವ್ರಾಜಿಕೆಯಾಗಿ ಮಹಾಮಾತ್ಯರ ಮನೆಗಳಿಗೆ ಹೋಗಿಬರುವಂತೆ ನಿಯೋಜಿಸಬೇಕೆಂದು ವಿಧಿಸಿದೆ. ಆಕೆ ಅಳುವಳೋ ನಗುವಳೋ ಎಂಬ ಚಿಂತೆಯು ಕೌಟಿಲ್ಯನಿಗೆ ಇರಲಿಲ್ಲ. ಸುದ್ದಿ ತರುವಳೇ ಎಂಬುದಿಷ್ಟೇ ಅವನಿಗೆ ಬೇಕಾಗಿತ್ತು.

ಎರಡನೆಯ ಆಕ್ಷೇಪವು ಮೊದಲನೆಯದಕ್ಕಿಂತ ಉಗ್ರವಾದುದು: ಕ್ಯಾರಿಯು ಕೆಟ್ಟ ತಾಯಿ. ಬ್ರೋಡಿಯಿಂದ ಆಕೆಗೆ ಒಂದು ಹೆಣ್ಣುಮಗು ಹುಟ್ಟುವುದು. ಅದನ್ನು ಅಕ್ಕನ ಮನೆಯಲ್ಲಿ ಬಿಟ್ಟು ಆಕೆ ಕಾಬೂಲಿಗೆ ಹೋಗುವಳು. ಊರಿಗೆ ಬಂದಾಗ ಮಗುವನ್ನು ಮೀಯಿಸುತ್ತ ಒಂದು ಗಳಿಗೆ ನೀರಿನಲ್ಲಿ ಮುಳುಗಲು ಬಿಟ್ಟು, ಬೆಚ್ಚಿ ಮೇಲಕ್ಕೆತ್ತಿಕೊಳ್ಳುವಳು. ಈ ದೃಶ್ಯವನ್ನು ನೋಡಿದ ಪ್ರೇಕ್ಷಕರು ಕೆಂಡವಾದರು. ಭಯಾನಕವಾದ ದೃಶ್ಯವೆಂಬುದರಲ್ಲಿ ಸಂದೇಹವಿಲ್ಲ. ಮನೋವ್ಯಾಧಿಯುಳ್ಳ ಬಾಣಂತಿಯ ಚಿತ್ತದಲ್ಲಿ ಇಂತಹ ಕತ್ತಲೆಯು ಕವಿಯುವುದುಂಟೆಂದು ವೈದ್ಯರು ಬಲ್ಲರು, ಅನೇಕ ಮನೆಗಳ ಅಜ್ಜಿಯರೂ ಬಲ್ಲರು. ಬೈಯುವ ಮೊದಲು ಅಷ್ಟನ್ನು ನೆನೆಯಬಹುದಾಗಿತ್ತು.

ಅದು ಹಾಗಿರಲಿ. ಅದೇ ಕಥೆಯ ಗಂಡಸರನ್ನು ಅದೇ ಪ್ರೇಕ್ಷಕರು ಹೇಗೆ ಕಂಡರು? ಸಾಲ್ ಬೆರೆನ್ಸನ್ ಎಂಬ ಹಿರಿಯ ಅಧಿಕಾರಿಯು ಕ್ಯಾರಿಯ ಗುರು. ಹಗಲೂ ರಾತ್ರಿಯೂ ಇಲಾಖೆಯ ಕೆಲಸದಲ್ಲಿ ಮುಳುಗಿದ ಅವನನ್ನು ಬಿಟ್ಟು ಭಾರತೀಯಳಾದ ಹೆಂಡತಿ ಮೀರಾ ದೆಹಲಿಗೆ ಹೊರಟುಹೋಗುವಳು. ಪ್ರೇಕ್ಷಕರು ಅಯ್ಯೋ ಪಾಪವೆಂದುದು ಯಾರಿಗೆ? ಸಾಲನಿಗೆ. ಮನೆಯನ್ನು ಕಡೆಗಣಿಸಿದುದು ಅವನಲ್ಲಿ ತ್ಯಾಗವಾಯಿತು. ಇನ್ನು ಪೀಟರ್ ಕ್ವಿನ್ ಎಂಬ ಮತ್ತೊಬ್ಬನಿರುವನು. ಅವನ ಉದ್ಯೋಗವು ಗುಟ್ಟಾಗಿ ಕೊಲ್ಲುವುದು. ತನ್ನ ಮಗನು ಬೇರೊಂದು ಊರಿನಲ್ಲಿ ತಾಯಿಯ ಬಳಿ ಬೆಳೆಯುತ್ತಿದ್ದರೂ ಅತ್ತ ತಲೆಹಾಕದವನು. 2013ರ ಭಾಗದ ಮೊದಲನೆಯ ಕಂತಿನಲ್ಲಿ ಕರಾಕಸ್ ನಗರದ ಮನೆಯೊಂದರೊಳಗೆ ನುಗ್ಗಿ, ಕತ್ತಲೆಯಲ್ಲಿ ಅರಿಯದೆ ಒಬ್ಬ ಹುಡುಗನನ್ನು ಗುಂಡಿಕ್ಕಿ ಕೊಲ್ಲುವನು. ಕ್ವಿನ್ನನು 2017ರಲ್ಲಿ ಕಥೆಯೊಳಗೆ ಸತ್ತಾಗ ಅವನ ಅಭಿಮಾನಿಗಳು ಶೋಕಿಸಿದುದಷ್ಟೇ ಅಲ್ಲ, ಅವನನ್ನು ನಿರ್ಮಾಪಕರು ಅನ್ಯಾಯವಾಗಿ ನಡೆಸಿಕೊಂಡರೆಂದು ಹಣ ಕೂಡಿಸಿ ಹಾಲಿವುಡ್ಡಿನ ಪತ್ರಿಕೆಯೊಂದರಲ್ಲಿ ಜಾಹೀರಾತನ್ನೇ ಕೊಟ್ಟರು. ಮಗುವನ್ನು ಕೊಂದ ಗಂಡಸಿಗೆ ಜಾಹೀರಾತು. ಮಗುವನ್ನು ಮುದ್ದಿಸಲು ಬಾರದ ಹೆಂಗಸಿಗೆ ಧಿಕ್ಕಾರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಯಲ್ಲಿ ಎಳೆದವನಿಗೆ ಅವಿವೇಕದ ಹೊರತು ಬೇರೆ ದೋಷವಿರಲಿಲ್ಲ. ಇಲ್ಲಿ ಎತ್ತಿನ ಕೊರಳಿಗೆ ಹೂಮಾಲೆಯನ್ನೂ ಹಾಕಲಾಗಿದೆ.

ಕ್ಯಾರಿಯ ಶೀಲದ ವಿಷಯವಾದ ಆಕ್ಷೇಪಕ್ಕೆ ಹೆಚ್ಚು ಸ್ಥಳ ಬೇಕಾಗಿಲ್ಲ. ಜೇಮ್ಸ್ ಬಾಂಡನ ಚಲಚ್ಚಿತ್ರಗಳು 1962ರಿಂದ ಬರುತ್ತಿರುವುವು. ಅವನ ಶೀಲವನ್ನು ಎಣಿಸಿ ಲೆಕ್ಕವಿಟ್ಟು ಕೆಲಸದಿಂದ ತೆಗೆಯಬೇಕೆಂದವರನ್ನು ಕಾಣೆವೆಂದರೆ ಸಾಕು.

ವ್ಯಾಧಿಯ ಚಿತ್ರಣದ ವಿಷಯದಲ್ಲಿ ಮಾತ್ರ ಕೆಲವು ಪ್ರೇಕ್ಷಕರು ಎತ್ತಿದ ತಕರಾರು ನ್ಯಾಯವಾದುದು. ಔಷಧ ಬಿಟ್ಟೊಡನೆ ಕ್ಯಾರಿಯ ಬುದ್ಧಿ ಮಿಂಚಿನಂತೆ ಹೊಳೆಯುವುದು, ಯಾರಿಗೂ ಬಿಡಿಸಲಾಗದ ಗಂಟುಗಳು ಬಿಚ್ಚಿಕೊಳ್ಳುವುವು. ಐದನೆಯ ಭಾಗದಲ್ಲಿಯಂತೂ ಶತ್ರುವನ್ನು ಗುರುತಿಸಲೆಂದೇ ಆಕೆ ಬೇಕೆಂದು ಔಷಧವನ್ನು ನಿಲ್ಲಿಸುವಳು. ರೋಗವನ್ನು ಸಿದ್ಧಿಯೆಂದು ತೋರಿಸುವ ಈ ಕಥಾತಂತ್ರದಿಂದ ನಿಜವಾದ ರೋಗಿಯೊಬ್ಬನು ಗುಳಿಗೆಯನ್ನು ಹೊರಗೆಸೆದರೆ ಹೊಣೆ ಯಾರದು? ವಿಚಿತ್ರವೇನೆಂದರೆ, ಅಳುಮುಖಕ್ಕೆ ದೊರೆತಷ್ಟು ಗಮನದ ಕಾಲುಭಾಗವೂ ಈ ತಕರಾರಿಗೆ ದೊರೆಯಲಿಲ್ಲ.

ಈಗ ಹೊಗಳಿದವರ ಕಡೆಗೆ ತಿರುಗಬೇಕು. ಬೈದವರಿಗೆ ಎದುರಾಗಿ ಮತ್ತೊಂದು ಪಕ್ಷವೆದ್ದಿತು. ಕ್ಯಾರಿಯಂತಹ ನಾಯಕಿಯು ಬಂದುದೇ ಸ್ತ್ರೀಯರ ವಿಜಯವೆಂದು ಅವರ ವಾದ. ಗಂಡಸರು ತುಂಬಿದ ಕಚೇರಿಯಲ್ಲಿ ಒಬ್ಬಳೇ ನಿಂತು, ತನ್ನ ಮಾತೇ ನಿಜವೆಂದು ಸಾಧಿಸಿ ತೋರಿಸಿದಳಲ್ಲವೆ? ಮೇಲುನೋಟಕ್ಕೆ ಈ ಪಕ್ಷವು ಉದಾರವಾಗಿ ಕಾಣುವುದು. ಒಳಹೊಕ್ಕು ನೋಡಿದರೆ ಇದೂ ಮೊದಲಿನ ಪಕ್ಷದ ತಂಗಿಯೇ. ಅವರು ಹೆಂಗಸೆಂಬ ಕಾರಣಕ್ಕೆ ಬೈದರು, ಇವರು ಹೆಂಗಸೆಂಬ ಕಾರಣಕ್ಕೆ ಹೊಗಳಿದರು. ಆಕೆ ಮಾಡಿದ ಕೆಲಸವೇನು, ಆ ಕೆಲಸದಿಂದ ಯಾರಿಗೆ ಏನಾಯಿತು ಎಂಬುದನ್ನು ಕೇಳುವ ಗೊಡವೆ ಇಬ್ಬರಿಗೂ ಬೇಡವಾಯಿತು.

ಈ ಬಗೆಯ ಹೊಗಳಿಕೆಯು ಎಲ್ಲಿಗೆ ಮುಟ್ಟುವುದೆಂಬುದಕ್ಕೆ ರಾಜಕೀಯದಲ್ಲಿಯೇ ನಿದರ್ಶನವಿದೆ. 2018ರಲ್ಲಿ ಜೀನಾ ಹಾಸ್ಪೆಲ್ ಎಂಬಾಕೆಯನ್ನು ಸಿ.ಐ.ಎ. ಸಂಸ್ಥೆಯ ಮುಖ್ಯಸ್ಥಳನ್ನಾಗಿ ಮಾಡಲು ಹೊರಟಾಗ, 2002ರಲ್ಲಿ ಥಾಯ್‌ಲ್ಯಾಂಡಿನ ಗುಪ್ತ ಸೆರೆಮನೆಯ ಆಡಳಿತವು ಆಕೆಯ ಕೈಯಲ್ಲಿದ್ದುದೂ, ಕೈದಿಗಳಿಗೆ ಕೊಟ್ಟ ಚಿತ್ರಹಿಂಸೆಯ ಮುದ್ರಿಕೆಗಳನ್ನು 2005ರಲ್ಲಿ ನಾಶಮಾಡಿದ ಪ್ರಕರಣದಲ್ಲಿ ಆಕೆಯ ಪಾತ್ರವೂ ಚರ್ಚೆಗೆ ಬಂದುವು. ಆಗ ಅಧ್ಯಕ್ಷರ ಭವನದ ವಕ್ತಾರಳು ಕೊಟ್ಟ ಉತ್ತರವೇನು? ಸ್ತ್ರೀಯರ ಏಳಿಗೆಯನ್ನು ಬಯಸುವೆನೆನ್ನುತ್ತ ಈಕೆಯನ್ನು ವಿರೋಧಿಸುವವರು ಡಾಂಭಿಕರು ಎಂದು! ಸೆನೆಟ್ಟಿನಲ್ಲಿ 54ಕ್ಕೆ 45ರಂತೆ ಮತಗಳು ಬಿದ್ದು ಹಾಸ್ಪೆಲ್ ಆ ಸಂಸ್ಥೆಯ ಮೊದಲನೆಯ ಸ್ತ್ರೀ ಮುಖ್ಯಸ್ಥಳಾದಳು. ಹೆಂಗಸೊಬ್ಬಳು ಮೇಲಕ್ಕೇರಿದುದು ನಿಜ. ಆ ಸೆರೆಮನೆಯಲ್ಲಿ ನೀರು ಸುರಿದು ಉಸಿರು ಕಟ್ಟಿಸಿಕೊಂಡವನಿಗೆ, ಮೇಲಿನವರ ಕುರ್ಚಿಯಲ್ಲಿ ಕುಳಿತವರು ಹೆಣ್ಣೋ ಗಂಡೋ ಎಂಬುದರಿಂದ ಯಾವ ಸಮಾಧಾನವು ಒದಗೀತು?

‘ಹೋಮ್‌ಲ್ಯಾಂಡ್’ನಲ್ಲಿ ಈ ಪ್ರಶ್ನೆಯು ಬಹಳ ಸ್ಪಷ್ಟವಾಗಿ ಎದ್ದು ನಿಲ್ಲುವ ಸ್ಥಳವೊಂದಿದೆ. ನಾಲ್ಕನೆಯ ಭಾಗದ ಮೊದಲನೆಯ ಕಂತು, 2014ರ ಅಕ್ಟೋಬರ್ 5ರಂದು ಬಂದುದು. ಕಾಬೂಲಿನಲ್ಲಿ ಅಧಿಕಾರದಲ್ಲಿರುವ ಕ್ಯಾರಿಗೆ, ಪಾಕಿಸ್ತಾನದ ಗಡಿಯ ಸೀಮೆಯ ಒಂದು ಮನೆಯಲ್ಲಿ ಹಖಾನಿ ಎಂಬ ಶತ್ರುನಾಯಕನಿರುವನೆಂಬ ಸುದ್ದಿ ಬರುವುದು. ಆಕೆಯ ಅಪ್ಪಣೆಯಂತೆ ಆಕಾಶದಿಂದ ಬಾಂಬು ಬೀಳುವುದು. ಅಲ್ಲಿ ನಡೆಯುತ್ತಿದ್ದುದು ಮದುವೆ. ಸತ್ತವರು 40 ಮಂದಿ. ಅಂದು ರಾತ್ರಿ ಆಕೆಯ ಹುಟ್ಟುಹಬ್ಬ. ಸಹೋದ್ಯೋಗಿಗಳು ‘ಡ್ರೋನ್ ರಾಣಿ’ ಎಂದು ಬರೆದ ಕೇಕನ್ನು ತಂದು ದೀಪ ಹಚ್ಚುವರು, ಆಕೆ ನಕ್ಕು ಊದಿ ಆರಿಸುವಳು.

ಇಡೀ ಕಥೆಯಲ್ಲಿ ಇದಕ್ಕಿಂತ ಕಠೋರವಾದ ಅಂಶವಿಲ್ಲ. ಕಟ್ಟಿದವರಿಗೆ ಆ ಕಠೋರತೆಯ ಅರಿವಿತ್ತೆಂಬುದೂ ಕಾಣುವುದು. ಮಗುವನ್ನು ನೀರಿನಲ್ಲಿ ಮುಳುಗಲು ಬಿಟ್ಟ ಕಂತು ಅದೇ ರಾತ್ರಿ ಇದರ ಹಿಂದೆಯೇ ಬಂದಿತು. ಒಂದೇ ರಾತ್ರಿ, ಒಂದರ ಹಿಂದೆ ಒಂದು. ಮೊದಲನೆಯದರಲ್ಲಿ ನಲವತ್ತು ಜನ ನೆಂಟರಿಷ್ಟರು ಮಣ್ಣುಗೂಡಿದರು; ಎರಡನೆಯದರಲ್ಲಿ ಒಂದು ಮಗುವಿನ ಮೂಗಿಗೆ ನೀರು ಹೊಕ್ಕು ಅದು ಬದುಕಿತು. ಪ್ರೇಕ್ಷಕರ ಮಾತುಗಳಲ್ಲಿ ಯಾವುದು ಹೆಚ್ಚು ದಿನ ಉಳಿಯಿತೆಂಬುದು ಎಲ್ಲರೂ ಬಲ್ಲ ಸಂಗತಿ. ತಾಯಿಯಾಗಿ ಕ್ಯಾರಿ ತಪ್ಪಿದಳೆಂದು ಕಂಬನಿಗರೆದವರು, ಅಧಿಕಾರಿಣಿಯಾಗಿ ಕ್ಯಾರಿಯ ಒಂದು ಮಾತಿನಿಂದ ಎಷ್ಟು ತಾಯಂದಿರು ಸತ್ತರೆಂಬುದನ್ನು ದಾಟಿ ಮುಂದಕ್ಕೆ ಹೋದರು. ಆ ಮದುವೆಯಲ್ಲಿ ಬದುಕುಳಿದ ಅಯಾನ್ ಎಂಬ ವೈದ್ಯವಿದ್ಯಾರ್ಥಿಯು ತಾಯಿಯನ್ನೂ ತಂಗಿಯನ್ನೂ ಕಳೆದುಕೊಂಡವನು. ಅವನನ್ನು ಕ್ಯಾರಿಯು ಪ್ರೀತಿಯ ನಟನೆಯಿಂದ ಒಲಿಸಿಕೊಂಡು, ಹಖಾನಿಯ ಬಳಿಗೆ ದಾರಿತೋರುವ ದೀಪವಾಗಿ ಉಪಯೋಗಿಸುವಳು. ಹಖಾನಿಯು ಅವನನ್ನು ಕೊಲ್ಲುವನು. ಇಲ್ಲಿಯೂ ಪ್ರೇಕ್ಷಕರು ಎಣಿಸಿದುದು ಕ್ಯಾರಿಯ ವಯಸ್ಸಿಗೂ ಹುಡುಗನ ವಯಸ್ಸಿಗೂ ಇದ್ದ ಅಂತರವನ್ನು.

ಕಥೆಯಲ್ಲಿ ಸತ್ತವರಿಗಾಗಿ ಇಷ್ಟು ಮರುಗಬೇಕೆ, ಎಲ್ಲವೂ ಕಲ್ಪನೆಯಲ್ಲವೆ ಎಂಬುದು ಇಂತಹ ಚರ್ಚೆಯಲ್ಲಿ ಕೊನೆಗೆ ಬರುವ ಸಮಾಧಾನ. ಕಲ್ಪನೆಯೇ ಹೌದಾದರೆ ಕಲ್ಪನೆಯ ಮಗುವಿಗಾಗಿ ಅಷ್ಟು ಮರುಗಿದುದೇಕೆ ಎಂದು ಮರುಪ್ರಶ್ನೆ ಹಾಕಿ ಸುಮ್ಮನಾಗಬಹುದು. ಆದರೆ ಸಂಗತಿಯು ಅಷ್ಟಕ್ಕೇ ಮುಗಿಯುವುದಿಲ್ಲ. ಆ ಕಂತು ಬರುವುದಕ್ಕೆ ಹತ್ತು ತಿಂಗಳ ಹಿಂದೆ, 2013ರ ಡಿಸೆಂಬರ್ 12ರಂದು, ಯೆಮನ್ ದೇಶದ ರದಾ ಎಂಬ ಊರಿನ ಬಳಿ ಮದುವೆಯ ದಿಬ್ಬಣದ ಮೇಲೆ ಅಮೆರಿಕಾದ ನಿಜವಾದ ಡ್ರೋನ್ ನಿಜವಾದ ಬಾಂಬನ್ನು ಹಾಕಿತು; 12 ಮಂದಿ ಸತ್ತರೆಂದು ‘ಹ್ಯೂಮನ್ ರೈಟ್ಸ್ ವಾಚ್’ ಸಂಸ್ಥೆಯವರು ವಿಚಾರಿಸಿ ಪ್ರಕಟಿಸಿದರು. ಅಂದು ಅಧ್ಯಕ್ಷ ಪದವಿಯಲ್ಲಿದ್ದವರು, ಮೇಲೆ ಹೇಳಿದಂತೆ, ಈ ಧಾರಾವಾಹಿಯ ಮೆಚ್ಚಿನ ಪ್ರೇಕ್ಷಕರು.

ಕಲ್ಪನೆಯು ಕಲ್ಪನೆಯಾಗಿಯೇ ಉಳಿಯುವುದೆಂಬ ಮಾತನ್ನು ಈ ಕಥೆಯ ಅಣ್ಣನಾದ ‘24’ ಎಂಬ ಧಾರಾವಾಹಿಯೇ ಸುಳ್ಳುಮಾಡಿದೆ. 2001ರಲ್ಲಿ ಆರಂಭವಾದ ಅದರಲ್ಲಿಯೂ ಹವರ್ಡ್ ಗಾರ್ಡನ್ನನ ಕೈಯಿತ್ತು. ಅದರ ನಾಯಕ ಜ್ಯಾಕ್ ಬಾವರನು ಸೆರೆಸಿಕ್ಕವರನ್ನು ಹಿಂಸಿಸಿ ಸತ್ಯವನ್ನು ಹೊರಡಿಸುವನು. ಬಹಳ ಸಲ ಅದು ಫಲಿಸುವುದು. 2006ರಲ್ಲಿ ಅಮೆರಿಕಾದ ಸೈನ್ಯಾಧಿಕಾರಿಗಳ ಶಾಲೆಯ ಮುಖ್ಯ ಅಧ್ಯಾಪಕನಾಗಿದ್ದ ಫಿನೆಗನ್ ಎಂಬ ಸೇನಾಧಿಕಾರಿಯು ಸ್ವತಃ ಹೋಗಿ, ನಿಮ್ಮ ಕಥೆಯನ್ನು ನೋಡಿದ ನನ್ನ ವಿದ್ಯಾರ್ಥಿಗಳಿಗೆ ಹಿಂಸೆ ತಪ್ಪೆಂದು ಕಲಿಸುವುದೇ ಕಷ್ಟವಾಗಿದೆ ಎಂದು ನಿರ್ಮಾಪಕರಲ್ಲಿ ಮೊರೆಯಿಟ್ಟನು. ಮರುವರ್ಷ ಆ ದೇಶದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಸ್ಕಲಿಯಾರವರು ಕೆನಡಾದಲ್ಲಿ ಒಂದು ಚರ್ಚೆಯಲ್ಲಿ, ಬಾವರನಿಗೆ ಯಾವ ಪಂಚರು ಶಿಕ್ಷೆ ವಿಧಿಸಿಯಾರು ಎಂದು ಕೇಳಿದರು. ಬಣ್ಣದ ವೇಷವು ರಂಗದಿಂದಿಳಿದು ನ್ಯಾಯಪೀಠದ ಮಾತಿನಲ್ಲಿ ಸಾಕ್ಷಿಯಾಗಿ ನಿಂತುದು ಹೀಗೆ. ಬಾವರನ ಕಣ್ಣಿನಲ್ಲಿಯೂ ಆಗಾಗ ನೀರು ಬರುತ್ತಿತ್ತು. ಅದನ್ನು ಅಣಕಿಸುವುದು ಮನೆಮಾತಾಗಲಿಲ್ಲ.

ಉಳಿದಿರುವುದು ಮೂರನೆಯ ಒಂದು ಅಭಿಪ್ರಾಯ. ಇದನ್ನು ಹೇಳಿದವರು ಸಂಖ್ಯೆಯಲ್ಲಿ ಕಡಮೆ, ಸತ್ಯದಲ್ಲಿ ಹೆಚ್ಚು. ಕಥೆಯಲ್ಲಿ ಚಿತ್ರಿತವಾದ ದೇಶಗಳ ಜನರೇ ಇವರು. ಬೇರೂತಿನ ಹಮ್ರಾ ಬೀದಿಯು ಕಾಫಿಯ ಅಂಗಡಿಗಳಿಗೂ ಪುಸ್ತಕದ ಅಂಗಡಿಗಳಿಗೂ ಹೆಸರಾದುದು. 2012ರ ಕಂತಿನಲ್ಲಿ ಅದು ಬಂದೂಕುಧಾರಿಗಳ ಓಣಿಯಾಯಿತು. ಚಿತ್ರೀಕರಣವು ನಡೆದುದಂತೂ ಬೇರೂತಿನಲ್ಲಲ್ಲ, ಇಸ್ರೇಲಿನಲ್ಲಿ. ಲೆಬನಾನಿನ ಪ್ರವಾಸೋದ್ಯಮದ ಮಂತ್ರಿಯು ಮೊಕದ್ದಮೆ ಹೂಡುವೆನೆಂದನು. ಇಸ್ಲಾಮಾಬಾದನ್ನು ಕೇಪ್‌ಟೌನಿನಲ್ಲಿ ಕಟ್ಟಿದರು. ತಮ್ಮ ನಗರವನ್ನು ಗುರುತಿಸಲಾರದೆ ಪಾಕಿಸ್ತಾನದವರು ನಕ್ಕರು, ಅವರ ರಾಯಭಾರಿ ಕಚೇರಿಯವರು ಮುನಿದರು. ಅಲ್ಲಿಯ ಬೇಹಿನ ಅಧಿಕಾರಿಣಿ ತಸ್ನೀಮಳ ಪಾತ್ರವನ್ನು ಭಾರತದ ನಟಿ ನಿಮ್ರತ್ ಕೌರ್ ವಹಿಸಿದಳು. ತಸ್ನೀಮಳೂ ಹೆಂಗಸು, ಬೇಹುಗಾರ್ತಿ, ಗಂಡಸರ ನಡುವೆ ಒಬ್ಬಳೇ ನಿಂತು ತನ್ನ ದೇಶಕ್ಕಾಗಿ ದುಡಿಯುವವಳು. ಸ್ತ್ರೀಯರ ವಿಜಯವನ್ನು ಕೊಂಡಾಡಿದವರ ಪಟ್ಟಿಯಲ್ಲಿ ಆಕೆಯ ಹೆಸರು ಕಾಣಬರದು. ಆಕೆಗೆ ಮಕ್ಕಳಿರುವರೇ, ಅವರನ್ನು ಯಾರು ಮೀಯಿಸುವರು ಎಂದು ಕೇಳಿದವರೂ ಇಲ್ಲ.

2015ರಲ್ಲಿ ಐದನೆಯ ಭಾಗವನ್ನು ಬರ್ಲಿನ್ನಿನಲ್ಲಿ ಚಿತ್ರಿಸುತ್ತಿದ್ದಾಗ ಲೆಬನಾನಿನ ಗಡಿಯ ನಿರಾಶ್ರಿತರ ಶಿಬಿರವೊಂದನ್ನು ಕಟ್ಟಬೇಕಾಯಿತು. ಗೋಡೆಗಳು ನಿಜವಾಗಿ ತೋರಬೇಕು; ಅದಕ್ಕಾಗಿ ಅರಬ್ಬಿಯಲ್ಲಿ ಗೋಡೆಬರಹ ಬರೆಯಲು ಕಲಾವಿದರನ್ನು ಕರೆಸಿದರು. ಹೀಬಾ ಅಮೀನ್, ಕರಾಮ್ ಕಾಪ್, ಡಾನ್ ಕಾರ್ಲ್ ಎಂಬ ಮೂವರು ಬಂದು ಕುಂಚ ಹಿಡಿದರು. ಅವರು ಬರೆದುದು: ‘ಹೋಮ್‌ಲ್ಯಾಂಡ್ ಜನಾಂಗದ್ವೇಷಿ’, ‘ಹೋಮ್‌ಲ್ಯಾಂಡ್ ಒಂದು ಹಾಸ್ಯ, ನಮಗೆ ನಗು ಬರಲಿಲ್ಲ’ ಎಂಬ ಅರ್ಥದ ಸಾಲುಗಳು. ಹಗಲು ಬೆಳಕಿನಲ್ಲಿ, ದೊಡ್ಡ ಅಕ್ಷರಗಳಲ್ಲಿ, ಎಲ್ಲರ ಕಣ್ಣೆದುರಿಗೆ. ಯಾರೂ ತಡೆಯಲಿಲ್ಲ. ಅಕ್ಟೋಬರ್ 11ರಂದು ಬಂದ ಕಂತಿನಲ್ಲಿ ಕ್ಯಾರಿಯು ಆ ಗೋಡೆಗಳನ್ನು ಹಾದು ನಡೆದುಹೋದಳು.

ಲಿಪಿಯೊಂದು ಓದುವವರಿಗೆ ಅರ್ಥ, ಓದದವರಿಗೆ ಅಲಂಕಾರ. ತನ್ನ ಲಿಪಿಯು ಬರಿಯ ಚಿತ್ತಾರವಾಗಿ ಬಿಡುವುದೆಂದರೇನೆಂಬುದನ್ನು ಅನ್ಯರ ಫಲಕಗಳ ನಡುವೆ ಬಾಳಿದ ಯಾವ ಭಾಷೆಯವರಿಗೂ ವಿವರಿಸಬೇಕಾಗಿಲ್ಲ, ಕನ್ನಡಿಗರಿಗಂತೂ ಬೇಡವೇ ಬೇಡ. ಐದು ವರ್ಷ ಅರಬ್ಬರ ಗುಟ್ಟುಗಳನ್ನು ಭೇದಿಸುವ ಕಥೆಯನ್ನು ಹೇಳುತ್ತಿದ್ದವರ ತಂಡದಲ್ಲಿ, ಅಂದು ಆ ಗೋಡೆಯ ಮುಂದೆ, ಒಂದು ಸಾಲು ಅರಬ್ಬಿಯನ್ನು ಓದಿ ತಡೆದವನು ಒಬ್ಬನೂ ಇರಲಿಲ್ಲ. ವಾಷಿಂಗ್ಟನ್ನಿಗೆ ಹೋಗಿ ಬೇಹಿನ ಇಲಾಖೆಯ ನಿವೃತ್ತರೊಡನೆ ದಿನಗಟ್ಟಲೆ ಕುಳಿತು ವಿಚಾರ ಸಂಗ್ರಹಿಸುತ್ತಿದ್ದವರಿಗೆ ಒಬ್ಬ ಉಪಾಧ್ಯಾಯನನ್ನು ಗೊತ್ತುಮಾಡಿಕೊಳ್ಳುವುದು ಕಷ್ಟವಾಗಿತ್ತೆನ್ನಲಾಗದು.

ಸುದ್ದಿಯು ಹೊರಬಿದ್ದಾಗ ನಿರ್ಮಾಪಕರಲ್ಲೊಬ್ಬನಾದ ಅಲೆಕ್ಸ್ ಗ್ಯಾನ್ಸನು, ಇದನ್ನು ಮೊದಲೇ ಕಂಡುಕೊಳ್ಳಬೇಕಾಗಿತ್ತೆಂದೂ, ಆದರೂ ಕಲಾವಿದರ ಈ ಕೃತ್ಯವನ್ನು ಮೆಚ್ಚದಿರಲಾರೆವೆಂದೂ ಹೇಳಿಕೆಯಿತ್ತನು. ಪ್ರೇಕ್ಷಕರು ಕೆಲವು ದಿನ ನಕ್ಕು ಮುಂದಿನ ಕಂತಿಗೆ ಕಾದರು. ಧಾರಾವಾಹಿಯು ಇನ್ನೂ ಮೂರು ಭಾಗ ನಡೆಯಿತು. 2020ರ ಕೊನೆಯ ಕಂತಿನಲ್ಲಿ ಕ್ಯಾರಿಯು ಮಾಸ್ಕೊ ನಗರದಲ್ಲಿರುವಳು. ದೇಶದ್ರೋಹಿಯ ವೇಷದಲ್ಲಿ ಪುಸ್ತಕವೊಂದನ್ನು ಬರೆದು ಮಗಳಿಗೆ ಅರ್ಪಿಸಿರುವಳು. ಪುಸ್ತಕದ ಬೆನ್ನಿನೊಳಗೆ ಚೀಟಿಯನ್ನು ಅಡಗಿಸಿ ಸಾಲನಿಗೆ ಸುದ್ದಿ ಮುಟ್ಟಿಸುವಳು. ಒಳ್ಳೆಯ ಮುಕ್ತಾಯವೆಂದು ಬಹುಮಂದಿ ಒಪ್ಪಿದರು. ಆ ಮಗಳು ತಾಯಿಯನ್ನು ಮುಂದೆ ಕ್ಷಮಿಸುವಳೇ ಎಂಬ ವಿಷಯದಲ್ಲಿ ಮಾತ್ರ ಪ್ರೇಕ್ಷಕರೊಳಗೆ ಬಹಳ ಚರ್ಚೆ ನಡೆಯಿತು.